ಇಟ್ಟಿಗೆಯೋ ಚೌಕಟ್ಟೋ: ಭರ್ತಿ ಮಣ್ಣಿನ ನಿವೇಶನದಲ್ಲಿ ಎರಡಂತಸ್ತಿನ ಮನೆಯೊಂದರ ಪ್ರಕರಣ ಅಧ್ಯಯನ

ಎರಡಂತಸ್ತಿನ ಸ್ವಂತ ಮನೆ ಕಟ್ಟಿಸಲು ಹೊರಟಿದ್ದ ಕುಟುಂಬವೊಂದು, ನಕ್ಷೆ ಬಹುತೇಕ ಸಿದ್ಧವಾದ ಮೇಲೂ ಗೋಡೆ ಯಾವುದಿರಬೇಕೆಂಬ ವಿಷಯದಲ್ಲಿ ಒಮ್ಮತಕ್ಕೆ ಬರಲಾಗದೆ, ರಚನಾ ಸಲಹೆ ಕೇಳಿಕೊಂಡು ಬಂದ ಪ್ರಕರಣವಿದು. ಮನೆಯ ಅಳತೆ ಮುಂದಿನಿಂದ ಹಿಂದಕ್ಕೆ 12 ಮೀಟರ್, ಅಗಲ 9 ಮೀಟರ್. ನಿವೇಶನ ಹಿಂಬದಿಗೆ ಇಳಿಜಾರಾಗಿದ್ದು, ಮುಂದಿನ ಅರ್ಧವನ್ನು ಕಡಿದು ತೆಗೆದ ಮಣ್ಣನ್ನೇ ಹಿಂದಿನ ಅರ್ಧಕ್ಕೆ ಸುಮಾರು 2 ಮೀಟರ್ ಎತ್ತರ ತುಂಬಿ ಸಮತಟ್ಟು ಮಾಡಲಾಗಿತ್ತು. ಬೇಸಿಗೆಯಲ್ಲಿ ಹಗಲಿನ ಬಿಸಿಲು ಕಡು, ರಾತ್ರಿ ತಂಪು. ಅದರ ಬೆನ್ನಿಗೇ ಗಾಳಿಯೊಡನೆ ಬೀಸಿ ಹೊಡೆಯುವ ದೀರ್ಘ ಮಳೆಗಾಲ. ಭೂಕಂಪದ ದೃಷ್ಟಿಯಿಂದ ತೀವ್ರವಲ್ಲದಿದ್ದರೂ ಉಪೇಕ್ಷಿಸಲಾಗದ ವಲಯ.

ಮನೆಯ ಹಿರಿಯರಿಗೆ ಗೋಡೆಯೆಂದರೆ ಇಟ್ಟಿಗೆ ಗೋಡೆಯೇ. ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಮನೆಗೆ ಆಯುಷ್ಯವಿಲ್ಲವೆಂಬುದು ಅವರ ನಿಲುವಾಗಿತ್ತು. ಮಗನ ಒಲವು ಹಗುರ ಉಕ್ಕಿನ ಚೌಕಟ್ಟಿನ ಕಡೆಗಿತ್ತು: ಕೆಲಸ ಬೇಗ ಮುಗಿಯುತ್ತದೆ, ಕ್ಯೂರಿಂಗ್‌ಗೆ ನೀರು ಬೇಕಿಲ್ಲ, ಶಾಖ ಒಳಗೆ ಬರುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಹಗುರವಾದ ಮನೆ ಭರ್ತಿ ಮಣ್ಣಿನ ಮೇಲೆ ಕುಸಿಯುವುದಿಲ್ಲ ಎಂಬುದು ಅವನ ವಾದ. ಎರಡೂ ವಾದಗಳಲ್ಲಿ ನಿಜವಿತ್ತು. ಆದರೆ ಮಗನ ಪಟ್ಟಿಯಲ್ಲಿ ಅತ್ಯಂತ ಬಲವಾದದ್ದೆಂದು ಇಬ್ಬರೂ ಒಪ್ಪಿದ್ದ ಕೊನೆಯ ಅಂಶವೇ ತಪ್ಪು ತಿಳಿವಳಿಕೆಯ ಮೇಲೆ ನಿಂತಿತ್ತು.

ಮೊದಲಿಗೆ ಏನನ್ನು ಏನಕ್ಕೆ ಹೋಲಿಸುತ್ತಿದ್ದೇವೆಂಬುದು ಸ್ಪಷ್ಟವಾಗಬೇಕು. ಭಾರ ಹೊರುವ ಇಟ್ಟಿಗೆ ಗೋಡೆಯಲ್ಲಿ ಗೋಡೆಯೇ ರಚನೆ. ಸ್ಲ್ಯಾಬಿನ ಹೊರೆ ಗೋಡೆಯ ಉದ್ದಕ್ಕೂ ಹರಡಿ ನೇರವಾಗಿ ಅಡಿಪಾಯಕ್ಕೆ ಇಳಿಯುತ್ತದೆ. ಸ್ಟಡ್ ಚೌಕಟ್ಟಿನ ಗೋಡೆಯಲ್ಲಿ 400 ಅಥವಾ 600 ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಿದ ಮರದ ಇಲ್ಲವೇ ತೆಳು ಉಕ್ಕಿನ ನಿಲುಕಂಬಿಗಳು ಹೊರೆ ಹೊರುತ್ತವೆ, ಎರಡೂ ಬದಿಯ ಹಲಗೆಗಳು ಗೋಡೆಯನ್ನು ಮುಚ್ಚುತ್ತವೆ, ನಡುವಿನ ಖಾಲಿ ಜಾಗದಲ್ಲಿ ಶಾಖನಿರೋಧಕ ಉಣ್ಣೆ, ವಿದ್ಯುತ್ ತಂತಿ, ಕೊಳವೆಗಳು ಕೂರುತ್ತವೆ. ನಮ್ಮಲ್ಲಿ ಫ್ರೇಮ್ ಎಂದೊಡನೆ ನೆನಪಾಗುವ ಕಾಂಕ್ರೀಟ್ ಕಾಲಂ-ಬೀಮ್ ರಚನೆ ಮೂರನೆಯ ಬಗೆಯದು. ಅದರಲ್ಲಿ ಹೊರೆ ಕಾಲಂಗಳದು, ಗೋಡೆ ಬರೀ ಪ್ರಯಾಣಿಕ. ಅದರ ವಿಚಾರ ಮುಂದೆ ಬರುತ್ತದೆ.

ತೂಕದ ಲೆಕ್ಕ

ಎರಡೂ ಬದಿ ಗಿಲಾವು ಮಾಡಿದ 230 ಮಿಲಿಮೀಟರ್ ದಪ್ಪದ ಇಟ್ಟಿಗೆ ಗೋಡೆ ಚದರ ಮೀಟರಿಗೆ ಹೆಚ್ಚುಕಡಿಮೆ 500 ಕಿಲೋ ತೂಗುತ್ತದೆ. ಉಕ್ಕಿನ ಸ್ಟಡ್, ಒಳಗೆ ಜಿಪ್ಸಂ ಬೋರ್ಡ್, ಹೊರಗೆ ಸಿಮೆಂಟ್ ಹಲಗೆ ಇರುವ ಗೋಡೆ 60 ಕಿಲೋ ಆಸುಪಾಸಿನಲ್ಲಿರುತ್ತದೆ. ಅಂತಸ್ತಿನ ಎತ್ತರ 3 ಮೀಟರ್ ಎಂದುಕೊಂಡರೆ ಇಟ್ಟಿಗೆ ಗೋಡೆ ಪ್ರತಿ ಮೀಟರ್ ಉದ್ದಕ್ಕೆ ಒಂದೂವರೆ ಟನ್, ಚೌಕಟ್ಟಿನ ಗೋಡೆ 180 ಕಿಲೋ. ಈ ಮನೆಯಲ್ಲಿ ಕೋಣೆಯ ವಿಸ್ತಾರ 4 ಮೀಟರ್ ಇದ್ದು, 125 ಮಿಲಿಮೀಟರ್ ದಪ್ಪದ ಸ್ಲ್ಯಾಬು, ನೆಲಹಾಸು, ಜನ ಮತ್ತು ಸಾಮಾನು ಸೇರಿ ಚದರ ಮೀಟರಿಗೆ 600 ಕಿಲೋ ಹಿಡಿದರೆ, ಮುಂದಿನ ಅಥವಾ ಹಿಂದಿನ ಹೊರಗೋಡೆಯ ಒಂದು ಮೀಟರಿಗೆ ಪ್ರತಿ ಅಂತಸ್ತಿನ ಸ್ಲ್ಯಾಬಿನಿಂದ ಸುಮಾರು 1.2 ಟನ್ ಬರುತ್ತದೆ. ಎರಡು ಅಂತಸ್ತು ಕೂಡಿಸಿದರೆ ಗೋಡೆಯ ಬುಡದಲ್ಲಿ ಮೀಟರಿಗೆ 5.4 ಟನ್.

ಈ ಸಂಖ್ಯೆಯನ್ನು ಬಿಡಿಸಿ ನೋಡಿದಾಗ ಅದರಲ್ಲಿ 3 ಟನ್ ಗೋಡೆಯದೇ ತೂಕ. ಅಂದರೆ ಇಟ್ಟಿಗೆ ಗೋಡೆ ಹೊರುವ ಭಾರದ ಅರ್ಧಕ್ಕಿಂತ ಹೆಚ್ಚು ಪಾಲು ತನ್ನನ್ನೇ ಹೊತ್ತುಕೊಳ್ಳುವುದಕ್ಕೆ ಖರ್ಚಾಗುತ್ತದೆ. ಎತ್ತರ ಹೆಚ್ಚಿದಂತೆ ಈ ಪ್ರಮಾಣ ವಿಪರೀತಕ್ಕೆ ಹೋಗುತ್ತದೆ. 1891ರಲ್ಲಿ ಶಿಕಾಗೋದಲ್ಲಿ ಮುಗಿದ 16 ಅಂತಸ್ತಿನ ಮೊನಾಡ್ನಾಕ್ ಕಟ್ಟಡದ ಇಟ್ಟಿಗೆ ಗೋಡೆ ಬುಡದಲ್ಲಿ ಸುಮಾರು 1.8 ಮೀಟರ್ ದಪ್ಪವಿದೆ. ಎರಡಂತಸ್ತಿನ ಮನೆಗೆ ಅಂಥ ಆತಂಕವಿಲ್ಲ. 5.4 ಟನ್ನನ್ನು 230 ಮಿಲಿಮೀಟರ್ ಅಗಲಕ್ಕೆ ಹಂಚಿದರೆ ಒತ್ತಡ ಚದರ ಮಿಲಿಮೀಟರಿಗೆ 0.23 ನ್ಯೂಟನ್ ಮಾತ್ರ. ಸಾಧಾರಣ ಗುಣಮಟ್ಟದ ಸುಟ್ಟ ಇಟ್ಟಿಗೆ, ಸಿಮೆಂಟ್ ಗಾರೆಯ ಗೋಡೆ ಇದನ್ನು ನಿರಾತಂಕವಾಗಿ ತಾಳುತ್ತದೆ. ಇಟ್ಟಿಗೆ ಗೋಡೆ ಮೇಲಿನ ಭಾರಕ್ಕೆ ಪುಡಿಯಾಗಿ ಕೆಡುವುದು ಅಪರೂಪ. ಅದು ಕೆಡುವುದು ಬುಡ ಅಲುಗಿದಾಗ, ಅಡ್ಡಕ್ಕೆ ನೂಕಿದಾಗ, ಎಳೆತ ಬಂದಾಗ.

ಭರ್ತಿ ಮಣ್ಣು

ಮನೆಯ ಬುಡ ಅಲುಗುವ ಸಾಧ್ಯತೆ ಈ ನಿವೇಶನದಲ್ಲಿ ಢಾಳಾಗಿತ್ತು. ಅರ್ಧ ಮನೆ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ. ಇಡೀ ಮನೆ ಒಂದೇ ಸಮನಾಗಿ ಕುಸಿದರೆ ಗೋಡೆಗೆ ಹೆಚ್ಚೇನೂ ಆಗುವುದಿಲ್ಲ. ಒಂದು ಭಾಗ ನಿಂತು ಮತ್ತೊಂದು ಇಳಿದಾಗ ಬಿರುಕು ಬರುತ್ತದೆ. ಎಂಜಿನಿಯರುಗಳಾದ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ 1956ರಲ್ಲಿ ಹಲವು ಕಟ್ಟಡಗಳ ಕುಸಿತದ ದಾಖಲೆಗಳನ್ನು ಪರಿಶೀಲಿಸಿ ಕೊಟ್ಟ ಮಿತಿಗಳು ಇಂದಿಗೂ ಬಳಕೆಯಲ್ಲಿವೆ: ಎರಡು ಬಿಂದುಗಳ ನಡುವಿನ ಅಂತರದ 1/300ರಷ್ಟು ಅಸಮ ಕುಸಿತವಾದರೆ ಗೋಡೆಗಳಲ್ಲಿ ಬಿರುಕು ನಿರೀಕ್ಷಿಸಬೇಕು, 1/150ರಷ್ಟಾದರೆ ರಚನೆಗೇ ಹಾನಿ. ನಮ್ಮ ಮನೆಯ ನಡುಗೋಡೆ ಗಟ್ಟಿ ನೆಲದಲ್ಲಿ ನಿಂತು, 6 ಮೀಟರ್ ಆಚೆಯ ಹಿಂಗೋಡೆ 20 ಮಿಲಿಮೀಟರ್ ಇಳಿದರೆ ಸಾಕು, ಮೊದಲ ಮಿತಿ ತಲುಪಿದಂತಾಯಿತು. ಸರಿಯಾಗಿ ದಮ್ಮಸು ಮಾಡದ 2 ಮೀಟರ್ ಭರ್ತಿಗೆ 20 ಮಿಲಿಮೀಟರ್ ದೊಡ್ಡ ಸಂಖ್ಯೆಯಲ್ಲ.

ಹಗುರವಾದ ಮನೆ ಕಟ್ಟಿದರೆ ಈ ತೊಂದರೆ ಇಲ್ಲವಾಗುತ್ತದೆಯೇ? ಇಡೀ ಇಟ್ಟಿಗೆ ಮನೆಯ ತೂಕವನ್ನು ಅದರ ತಳದ ವಿಸ್ತೀರ್ಣಕ್ಕೆ ಹಂಚಿದರೆ ಚದರ ಮೀಟರಿಗೆ ಎರಡೂವರೆಯಿಂದ ಮೂರು ಟನ್ ಬರುತ್ತದೆ. 2 ಮೀಟರ್ ಭರ್ತಿ ಮಣ್ಣಿನ ಸ್ವಂತ ತೂಕವೇ ಚದರ ಮೀಟರಿಗೆ 3.6 ಟನ್. ಆ ಮಣ್ಣು ಮನೆಗಿಂತ ಮೊದಲೇ, ಮನೆ ಇರಲಿ ಬಿಡಲಿ, ತನ್ನ ಭಾರಕ್ಕೆ ತಾನೇ ಕುಗ್ಗುತ್ತಿರುತ್ತದೆ, ಮೊದಲ ಜೋರು ಮಳೆಯ ನೀರು ಇಂಗಿದಾಗ ಹಠಾತ್ತನೆ ಇನ್ನಷ್ಟು ಕುಗ್ಗುತ್ತದೆ. ಅದರ ಮೇಲೆ ಕೂತ ಮನೆ ಎಷ್ಟೇ ಹಗುರವಾಗಿದ್ದರೂ ಮಣ್ಣಿನೊಡನೆ ಇಳಿಯಲೇಬೇಕು. ಚೌಕಟ್ಟಿನ ಮನೆ ಆ ಇಳಿತವನ್ನು ಇಟ್ಟಿಗೆಗಿಂತ ಸಹನೆಯಿಂದ ತಾಳುತ್ತದೆ ಎಂಬುದು ನಿಜ. ಆದರೆ ಬಾಗಿಲು ಸಿಕ್ಕಿಕೊಳ್ಳುವುದು, ಬಚ್ಚಲಿನ ನೀರು ಉಲ್ಟಾ ಹರಿಯುವುದು, ಒಳಚರಂಡಿಯ ಕೊಳವೆಯ ಸಂದು ಬಿಡುವುದು ಯಾವ ಬಗೆಯ ಗೋಡೆಗೂ ತಪ್ಪದು.

ಹೀಗಾಗಿ ಗೋಡೆ ಯಾವುದೇ ಆಗಲಿ, ಹಿಂದಿನ ಅರ್ಧದ ಅಡಿಪಾಯ ಭರ್ತಿಯನ್ನು ದಾಟಿ ಮೂಲ ನೆಲಕ್ಕೆ ಇಳಿಯಲೇಬೇಕಿತ್ತು. ಪರೀಕ್ಷಾ ಗುಂಡಿ ತೋಡಿದಾಗ ಗುಂಡಿಯ ಬದಿಯಲ್ಲಿ ಗಡಿ ಕಣ್ಣಿಗೇ ಕಂಡಿತು: ಮೇಲೆ ಹೆಂಟೆ, ಬೇರು, ಒಡೆದ ಹೆಂಚಿನ ಚೂರು ಕಲೆತ ಸಡಿಲ ಮಣ್ಣು, ಅದರ ಕೆಳಗೆ ಹಳೆಯ ಮೇಲ್ಮಣ್ಣಿನ ಕಪ್ಪು ಗೆರೆ, ಅದಕ್ಕೂ ಕೆಳಗೆ ಹಾರೆ ಹಾಕಿದರೆ ಠಣ್ಣೆನ್ನುವ ಕೆಂಪು ನೆಲ. ಆ ಕಪ್ಪು ಗೆರೆ ಮುಖ್ಯ. ಹುಲ್ಲು, ಬೇರು ಕೆರೆದು ತೆಗೆಯದೆ ಅದರ ಮೇಲೆಯೇ ಮಣ್ಣು ಸುರಿಯಲಾಗಿತ್ತೆಂಬುದಕ್ಕೆ ಅದು ಸಾಕ್ಷಿ. ಅಂಥ ಭರ್ತಿಯನ್ನು ಯಾವ ಲೆಕ್ಕಕ್ಕೂ ನಂಬಬಾರದು. ಹಿಂಬದಿಯಲ್ಲಿ ಕೆಂಪು ನೆಲದೊಳಗೆ ಕೂರುವ ಗಿಡ್ಡ ಕಾಂಕ್ರೀಟ್ ಪೈಲುಗಳು, ಅವುಗಳ ತಲೆ ಕಟ್ಟುವ ಪ್ಲಿಂತ್ ಬೀಮ್ (ಗೋಡೆಯ ಬುಡದ ಕಾಂಕ್ರೀಟ್ ತೊಲೆ), ಅದೇ ಬೀಮ್ ಮುಂದುವರಿದು ಮುಂಬದಿಯ ಸಾಮಾನ್ಯ ಅಡಿಪಾಯದ ಮೇಲೂ ಸುತ್ತುವ ವ್ಯವಸ್ಥೆ ನಿಶ್ಚಯವಾಯಿತು. ಇಷ್ಟಾದ ಮೇಲೆ ಹಗುರತನದ ವಾದಕ್ಕೆ ಮೊದಲಿನ ಬಲ ಉಳಿಯಲಿಲ್ಲ. ಪೈಲು ಎರಡಕ್ಕೂ ಬೇಕು. ಇಟ್ಟಿಗೆಗೆ ಅವು ಸ್ವಲ್ಪ ದಪ್ಪ, ಅಷ್ಟೇ.

ಹಗುರತನಕ್ಕೆ ತನ್ನದೇ ಆದ ತೊಡಕೂ ಉಂಟು. ಸೆಕೆಂಡಿಗೆ 45 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 120 ಕಿಲೋ. ಚಾವಣಿಯ ಮೇಲೆ ಅದು ಬಹುಪಾಲು ಮೇಲ್ಮುಖ ಸೆಳೆತವಾಗಿ ಕೆಲಸ ಮಾಡುತ್ತದೆ. ಚದರ ಮೀಟರಿಗೆ 50 ಕಿಲೋ ತೂಕದ ಹಗುರ ಚಾವಣಿ ಹಾರಲು ನೋಡುತ್ತದೆ, 400 ಕಿಲೋ ತೂಕದ ಸ್ಲ್ಯಾಬು ಸುಮ್ಮನೆ ಕೂತಿರುತ್ತದೆ. ಚೌಕಟ್ಟಿನ ಮನೆಯಲ್ಲಿ ಚಾವಣಿಯಿಂದ ಸ್ಟಡ್‌ಗೆ, ಸ್ಟಡ್‌ನಿಂದ ಮಹಡಿಗೆ, ಅಲ್ಲಿಂದ ಅಡಿಪಾಯಕ್ಕೆ ಪಟ್ಟಿ-ಬೋಲ್ಟುಗಳ ಸರಪಣಿ ಎಲ್ಲೂ ಕಡಿಯದಂತೆ ಇರಬೇಕಾದದ್ದು ಇದಕ್ಕೇ. ಮೇಲ್ಚಾವಣಿಯಲ್ಲಿ ಸಾವಿರ ಲೀಟರಿನ ನೀರಿನ ತೊಟ್ಟಿ ಇಡುವ ಆಸೆ ಈ ಮನೆಯವರಿಗಿತ್ತು. ಅದೊಂದೇ ಒಂದು ಟನ್.

ಬಿಸಿಲು ಮತ್ತು ಮಳೆ

ಮಗನ ವಾದ ಗೆದ್ದದ್ದು ಬಿಸಿಲಿನ ವಿಷಯದಲ್ಲಿ, ಅದೂ ಪೂರ್ಣವಾಗಿ ಅಲ್ಲ. 230 ಮಿಲಿಮೀಟರ್ ಇಟ್ಟಿಗೆ ಗೋಡೆಯ ಮೂಲಕ, ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸುಮಾರು 2 ವ್ಯಾಟ್ ಶಾಖ ದಾಟುತ್ತದೆ. ನಡುವೆ 90 ಮಿಲಿಮೀಟರ್ ಖನಿಜ ಉಣ್ಣೆ ತುಂಬಿದ ಸ್ಟಡ್ ಗೋಡೆಯಲ್ಲಿ ಅದು ಲೆಕ್ಕದ ಪ್ರಕಾರ 0.4ಕ್ಕೆ ಇಳಿಯುತ್ತದೆ. ಲೆಕ್ಕದ ಪ್ರಕಾರ ಎಂದದ್ದಕ್ಕೆ ಕಾರಣವಿದೆ: ಉಕ್ಕು ಉಣ್ಣೆಗಿಂತ ಸಾವಿರ ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖ ಸಾಗಿಸುವುದರಿಂದ ಪ್ರತಿ ಸ್ಟಡ್ಡೂ ಹೊರಗಿನ ಬಿಸಿಯನ್ನು ಒಳಗೆ ತರುವ ಸೇತುವೆಯಾಗುತ್ತದೆ. ಹೊರಮೈಗೆ ಬಿಟ್ಟೂಬಿಡದ ನಿರೋಧಕ ಪದರ ಹೊದಿಸದಿದ್ದರೆ ಉಣ್ಣೆಯ ಲಾಭದ ದೊಡ್ಡ ಪಾಲು ಅಲ್ಲೇ ಸೋರಿಹೋಗುತ್ತದೆ. ಮರದ ಸ್ಟಡ್‌ಗಳಲ್ಲಿ ಈ ದೋಷ ಬಹಳ ಕಡಿಮೆ.

ಶಾಖ ಎಷ್ಟು ಬರುತ್ತದೆ ಎಂಬುದರಷ್ಟೇ ಯಾವಾಗ ಬರುತ್ತದೆ ಎಂಬುದೂ ಮುಖ್ಯ. ಇಟ್ಟಿಗೆ ಗೋಡೆ ಶಾಖವನ್ನು ಕೂಡಿಟ್ಟುಕೊಂಡು ಆರೇಳು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಹಗಲಲ್ಲಿ ಬಳಸುವ ಪಡಸಾಲೆಗೆ ಇದು ವರ. ಹೊರಗೆ ಸುಡುತ್ತಿರುವಾಗ ಒಳಗೆ ತಂಪು, ಗೋಡೆ ಬಿಸಿಯಾಗುವ ಹೊತ್ತಿಗೆ ಕಿಟಕಿ ತೆರೆದರೆ ತಂಗಾಳಿ. ಅದೇ ಗೋಡೆ ಪಶ್ಚಿಮದ ಮಲಗುವ ಕೋಣೆಗೆ ಶಾಪವಾಗುತ್ತದೆ, ಸಂಜೆ ನಾಲ್ಕರ ಬಿಸಿಲು ರಾತ್ರಿ ಹತ್ತಕ್ಕೆ ಹಾಸಿಗೆಯ ತಲೆದೆಸೆಗೆ ಬಂದು ನಿಲ್ಲುವುದರಿಂದ. ಈ ಮನೆಯ ನಕ್ಷೆಯಲ್ಲಿ ಮೇಲಂತಸ್ತಿನ ಎರಡು ಮಲಗುವ ಕೋಣೆಗಳೂ ಪಶ್ಚಿಮಕ್ಕಿದ್ದವು. ಇಡೀ ಮನೆಗೆ ಒಂದೇ ಉತ್ತರ ಹುಡುಕುವ ಹಟ ಇಲ್ಲಿ ಸಡಿಲಾಗತೊಡಗಿತು.

ಮಳೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಚೌಕಟ್ಟಿನ ಗೋಡೆಯನ್ನು ನೀರಿನಷ್ಟು ಬೇರಾವುದೂ ಸೋಲಿಸುವುದಿಲ್ಲ. ಇದನ್ನು ನಂಬದವರು ಎರಡು ದೇಶಗಳ ಅನುಭವವನ್ನು ನೋಡಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1980 ಮತ್ತು 90ರ ದಶಕಗಳಲ್ಲಿ ಕಟ್ಟಿದ ಬಹುಸಂಖ್ಯೆಯ ಮರದ ಚೌಕಟ್ಟಿನ ವಸತಿ ಸಮುಚ್ಚಯಗಳ ಗೋಡೆಗಳೊಳಗೆ ನೀರು ನಿಂತು ಮರ ಕೊಳೆತು, ತನಿಖೆಗೆ 1998ರಲ್ಲಿ ಬ್ಯಾರೆಟ್ ಆಯೋಗವನ್ನೇ ನೇಮಿಸಬೇಕಾಯಿತು. ನ್ಯೂಜಿಲೆಂಡಿನಲ್ಲೂ ಅದೇ ಕತೆ. ಅಲ್ಲಿ ಸಂಸ್ಕರಿಸದ ಮರವೂ ಕೂಡಿಕೊಂಡು 2002ರಲ್ಲಿ ಸೋರುವ ಮನೆಗಳ ದೂರು ಪರಿಹಾರಕ್ಕೆಂದೇ ಕಾನೂನು ಬಂತು. ಎರಡೂ ಕಡೆ ಹೊರಹೊದಿಕೆ ಚೌಕಟ್ಟಿಗೆ ನೇರವಾಗಿ ಅಂಟಿಕೊಂಡಿತ್ತು. ಹೊದಿಕೆಯ ಹಿಂದೆ ಗಾಳಿಯಾಡುವ ಸಂದು ಇದ್ದರೆ, ಒಳಹೊಕ್ಕ ನೀರು ಕೆಳಗಿಳಿದು ಹೊರಬೀಳಲು ದಾರಿ ಇದ್ದರೆ, ಕಿಟಕಿಯ ಹೊಸ್ತಿಲ ಕೆಳಗೆ ತಗಡಿನ ತಟ್ಟೆ ಕೂರಿಸಿದ್ದರೆ ಚೌಕಟ್ಟು ತಲೆಮಾರುಗಟ್ಟಲೆ ಬಾಳುತ್ತದೆ. ಇಟ್ಟಿಗೆ ಗೋಡೆಯೂ ನೀರು ಕುಡಿಯುತ್ತದೆ, ಆದರೆ ಬಿಸಿಲು ಬಂದಾಗ ಕಕ್ಕುತ್ತದೆ; ಕೆಟ್ಟರೆ ಒಳಗೋಡೆಯ ಬಣ್ಣ ಉಬ್ಬಿ ಮನೆಯವರಿಗೆ ಸುದ್ದಿ ಮುಟ್ಟಿಸುತ್ತದೆ. ಚೌಕಟ್ಟಿನಲ್ಲಿ ಸುದ್ದಿ ಮುಟ್ಟುವ ಹೊತ್ತಿಗೆ ಬುಡದ ಪಟ್ಟಿ ತುಕ್ಕು ಹಿಡಿದಿರುತ್ತದೆ.

ಮೂಲೆಯ ಕಿಟಕಿ ಮತ್ತು ಕಾಲಂನ ಪ್ರಶ್ನೆ

ನಕ್ಷೆಯಲ್ಲಿ ಪಡಸಾಲೆಯ ಮೂಲೆಯನ್ನೇ ತೆರೆದು ಎರಡೂ ಬದಿಗೆ ಹರಡಿದ ದೊಡ್ಡ ಕಿಟಕಿಯಿತ್ತು. ಭಾರ ಹೊರುವ ಇಟ್ಟಿಗೆ ಮನೆಯಲ್ಲಿ ಒಂದಕ್ಕೊಂದು ಅಡ್ಡವಾಗಿ ನಿಂತ ಎರಡು ಗೋಡೆಗಳು ಮೂಲೆಯಲ್ಲಿ ಕೈಹಿಡಿದುಕೊಂಡಿರುವುದರಿಂದಲೇ ಎರಡೂ ಅಡ್ಡಬಲಕ್ಕೆ ನಿಲ್ಲುತ್ತವೆ. ಮೂಲೆ ತೆಗೆದರೆ ಎರಡೂ ಒಂಟಿ ಫಲಕಗಳು. ಈ ಕಿಟಕಿ ಬೇಕೇಬೇಕೆಂದಿದ್ದರೆ ಕಾಂಕ್ರೀಟ್ ಕಾಲಂ-ಬೀಮ್ ರಚನೆಗೆ ಹೋಗಬೇಕಾಗುತ್ತಿತ್ತು. ಆ ರಚನೆಯಲ್ಲಿ ಇಟ್ಟಿಗೆಯ ಪೂರ್ತಿ ತೂಕ ಹಾಗೇ ಉಳಿದು, ಅದನ್ನು ಹೊರುವ ಕೆಲಸ ಮಾತ್ರ ಬೇರೆಯವರ ಪಾಲಾಗುತ್ತದೆ. ಎರಡಂತಸ್ತಿನ, ಸಣ್ಣ ಕೋಣೆಗಳ ಮನೆಗೆ ಅದು ಅಗತ್ಯಕ್ಕಿಂತ ಹೆಚ್ಚು ಎಂದು ನನಗನ್ನಿಸುತ್ತದೆ. ಕೆಳಗೆ ವಾಹನ ನಿಲುಗಡೆಗೆಂದು ಇಡೀ ಅಂತಸ್ತು ತೆರೆದಿಡಬೇಕಾಗಿದ್ದರೆ ಮಾತು ಬೇರೆ. ಚರ್ಚೆಯ ನಂತರ ಕಿಟಕಿ ಮೂಲೆಯಿಂದ ಸರಿದು ಗೋಡೆಯ ನಡುವೆ ಕೂತಿತು.

ಕಾಲಂಗಳಿಲ್ಲದ ಮಾತ್ರಕ್ಕೆ ಬರೀ ಇಟ್ಟಿಗೆಯನ್ನು ನಂಬಲೂ ಸಾಧ್ಯವಿರಲಿಲ್ಲ. ಇಲ್ಲಿ ಆಯ್ದದ್ದು ಕಟ್ಟುಹಾಕಿದ ಇಟ್ಟಿಗೆ ಗೋಡೆ: ಗೋಡೆಯ ಅಂಚನ್ನು ಹಲ್ಲುಹಲ್ಲಾಗಿ ಬಿಟ್ಟು ಮೊದಲು ಗೋಡೆ ಕಟ್ಟುವುದು, ಆಮೇಲೆ ಆ ಹಲ್ಲುಗಳ ನಡುವೆ ಸರಳು ನಿಲ್ಲಿಸಿ ಸಣ್ಣ ಕಂಬ ಹೊಯ್ಯುವುದು, ಪ್ಲಿಂತ್ ಮತ್ತು ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಂಚು) ಮಟ್ಟಗಳಲ್ಲಿ ಹಾಗೂ ಸ್ಲ್ಯಾಬಿನ ಕೆಳಗೆ ಕಾಂಕ್ರೀಟ್ ಪಟ್ಟಿ ಸುತ್ತಿಸುವುದು. ಗೋಡೆ ಮೊದಲು, ಕಂಬ ನಂತರ ಎಂಬ ಈ ಅನುಕ್ರಮದಿಂದ ಗಾರೆ ಮತ್ತು ಕಾಂಕ್ರೀಟ್ ಒಂದಾಗಿ ಕಚ್ಚಿಕೊಳ್ಳುತ್ತವೆ. ಚಿಲಿಯಲ್ಲಿ 1928ರ ಟಾಲ್ಕಾ ಭೂಕಂಪದ ಬಳಿಕ ರೂಢಿಗೆ ಬಂದ ಈ ವಿಧಾನ 1939ರ ಚಿಲ್ಲಾನ್ ಭೂಕಂಪದಲ್ಲಿ ತನ್ನ ಯೋಗ್ಯತೆ ತೋರಿಸಿತು.

ನಿರ್ಣಯ

ಹೊರಗೋಡೆಗಳು ಮತ್ತು ಕೋಣೆಗಳನ್ನು ವಿಂಗಡಿಸುವ, ಎರಡೂ ಅಂತಸ್ತಿಗೆ ಒಂದರ ಮೇಲೊಂದು ಬರುವ ಎರಡು ಅಡ್ಡಗೋಡೆಗಳು ಕಟ್ಟುಹಾಕಿದ ಇಟ್ಟಿಗೆಯವು. ಮೇಲಂತಸ್ತಿನ ಉಳಿದೆಲ್ಲ ಒಳಗೋಡೆಗಳು ಉಕ್ಕಿನ ಸ್ಟಡ್‌ಗಳವು. ಈ ವಿಭಜನೆಯ ಹಿಂದಿನ ತರ್ಕ ಸರಳ: ಮೇಲಿನ ಕೋಣೆಗಳ ಗೋಡೆಗಳು ಕೆಳಗಿನ ಗೋಡೆಗಳ ನೇರಕ್ಕೆ ಬರುತ್ತಿರಲಿಲ್ಲ. ಅರ್ಧ ಇಟ್ಟಿಗೆಯ ಗೋಡೆಯಾದರೂ ಸ್ಲ್ಯಾಬಿನ ನಡುಮಧ್ಯೆ ಮೀಟರಿಗೆ 800 ಕಿಲೋ ಮೀರಿದ ಗೆರೆಭಾರ ಹಾಕುತ್ತದೆ, ಅದಕ್ಕಾಗಿ ಕೆಳಗೆ ತೊಲೆ ಇಳಿಬಿಡಬೇಕು. ಸ್ಟಡ್ ಗೋಡೆ 140 ಕಿಲೋ ಒಳಗೇ ಮುಗಿಯುತ್ತದೆ. ಮುಂದೆ ಎರಡು ಕೋಣೆ ಒಂದಾಗಬೇಕೆಂದರೂ ಸ್ಕ್ರೂ ಬಿಚ್ಚಿದರಾಯಿತು. ಸ್ನಾನದ ಮನೆಯ ಗೋಡೆಗಳನ್ನು ಮಾತ್ರ ಇದರಿಂದ ಹೊರಗಿಟ್ಟು, ಅವನ್ನು ಕೆಳಗಿನ ಗೋಡೆಯ ನೇರಕ್ಕೆ ತಂದು ಇಟ್ಟಿಗೆಯಲ್ಲೇ ಉಳಿಸಲಾಯಿತು.

ಪಶ್ಚಿಮದ ಗೋಡೆಗೆ ಹೊರಗಿನಿಂದ 50 ಮಿಲಿಮೀಟರ್ ಖನಿಜ ಉಣ್ಣೆ, ಅದರ ಮೇಲೆ ಲೋಹದ ಪಟ್ಟಿಗಳ ಚೌಕಟ್ಟು, ಗಾಳಿಯಾಡುವ ಸಂದು, ಸಿಮೆಂಟ್ ಹಲಗೆ. ಶಾಖದ ದಾಟುವಿಕೆ 2 ವ್ಯಾಟಿನಿಂದ ಹೆಚ್ಚುಕಡಿಮೆ 0.6ಕ್ಕೆ ಇಳಿಯುತ್ತದೆ, ಇಟ್ಟಿಗೆ ಬಿಸಿಲು ಕಾಣದೆ ಒಳಗಿನ ತಂಪನ್ನೇ ಕೂಡಿಟ್ಟುಕೊಳ್ಳುತ್ತದೆ. ಹಲಗೆಯ ಸಂದಿನಲ್ಲಿ ನೀರು ಹೊಕ್ಕರೂ ಅದು ತಲುಪುವುದು ಕೊಳೆಯದ, ತುಕ್ಕು ಹಿಡಿಯದ ಇಟ್ಟಿಗೆಯನ್ನು. ಚಾವಣಿಯ ಸ್ಲ್ಯಾಬಿಗೂ ಮೇಲಿನಿಂದಲೇ ನಿರೋಧಕ ಪದರ ಹಾಕಿಸಿದ್ದು ತಂಪಿಗಾಗಿ ಮಾತ್ರವಲ್ಲ. 12 ಮೀಟರ್ ಸ್ಲ್ಯಾಬು 30 ಡಿಗ್ರಿ ಏರಿಳಿತಕ್ಕೆ ಮೂರೂವರೆ ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ, ಅದರ ಕೆಳಗಿನ ಇಟ್ಟಿಗೆ ಅಷ್ಟು ಚಲಿಸುವುದಿಲ್ಲ. ಮೇಲಂತಸ್ತಿನ ಗೋಡೆಯ ತಲೆಯಲ್ಲಿ ಕಾಣುವ ಅಡ್ಡ ಬಿರುಕಿನ ಮೂಲ ಬಹಳ ಮನೆಗಳಲ್ಲಿ ಇದೇ.

ಕೆಲಸದ ಮೇಲ್ವಿಚಾರಣೆಯಲ್ಲಿ ಎರಡು ಪದ್ಧತಿಗಳ ಸ್ವಭಾವ ಎಷ್ಟು ಬೇರೆಯೆಂಬುದು ಎದ್ದು ಕಂಡಿತು. ಇಟ್ಟಿಗೆ ಕೆಲಸದಲ್ಲಿ ಆಗಷ್ಟೇ ಇಟ್ಟ ಒಂದು ಇಟ್ಟಿಗೆಯನ್ನು ಎತ್ತಿ ನೋಡಿದರೆ ಸಾಕು: ಗಾರೆ ಅದರ ತಳಕ್ಕೂ ಕೆಳಗಿನ ಇಟ್ಟಿಗೆಗೂ ಸಮನಾಗಿ ಅಂಟಿ ಹರಿದಿದ್ದರೆ ಸರಿ, ಇಟ್ಟಿಗೆಯ ತಳ ಒಣಗಿ ಬರಿದಾಗಿದ್ದರೆ ಅದನ್ನು ನೆನೆಸಿಲ್ಲ, ಗಾರೆಯ ನೀರನ್ನು ಅದೇ ಹೀರಿಕೊಂಡಿದೆ. ಮೊದಲ ವರಸೆಗಳಲ್ಲಿ ನಿಲುಸಂದುಗಳು ಹೊರಗೆ ತುಂಬಿ ಒಳಗೆ ಟೊಳ್ಳಾಗಿದ್ದವು. ಮೇಸ್ತ್ರಿಗೆ ತೋರಿಸಿದ ಮೇಲೆ ಇಟ್ಟಿಗೆಯ ತಲೆಗೂ ಗಾರೆ ಬಳಿದು ಒತ್ತಿ ಕೂರಿಸುವುದು ಶುರುವಾಯಿತು. ತಪ್ಪು ಕಣ್ಣೆದುರಿಗೇ ಇರುತ್ತದೆ, ತಿದ್ದಿಸಬಹುದು. ಸ್ಟಡ್ ಕೆಲಸದಲ್ಲಿ ಸ್ಕ್ರೂವಿನ ತಲೆ ಜಿಪ್ಸಂ ಬೋರ್ಡಿನ ಕಾಗದವನ್ನು ಹರಿಯದೆ, ಮೈಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ನಿಲ್ಲಬೇಕು. ಕಾಗದ ಹರಿದರೆ ಆ ಸ್ಕ್ರೂ ಇದ್ದೂ ಇಲ್ಲದಂತೆ. ಮುಖ್ಯವಾದದ್ದು ಬೋರ್ಡಿನ ಹಿಂದಿರುತ್ತದೆ. ಆದ್ದರಿಂದ ಎರಡನೆಯ ಬದಿ ಮುಚ್ಚುವ ಮೊದಲು ಪ್ರತಿ ಗೋಡೆಯ ಸ್ಟಡ್, ತಂತಿ, ಕೊಳವೆಗಳ ಚಿತ್ರವನ್ನು ಅಳತೆಪಟ್ಟಿ ಹಿಡಿದು ತೆಗೆಸಲಾಯಿತು. ಕಪಾಟು, ಟಿವಿ ನೇತುಹಾಕುವ ಜಾಗಗಳಲ್ಲಿ ಸ್ಟಡ್‌ಗಳ ನಡುವೆ ಪ್ಲೈವುಡ್ ತುಂಡು ಮುಂಚೆಯೇ ಕೂರಿಸಲಾಯಿತು.

ಎರಡು ಬಗೆಯ ಗೋಡೆ ಕೂಡುವಲ್ಲಿ ತೊಂದರೆ ಬರುತ್ತದೆಂದು ನಿರೀಕ್ಷೆಯಿತ್ತು. ಸ್ಲ್ಯಾಬು ಕಾಲಕ್ರಮದಲ್ಲಿ ನಡುವೆ ಕೊಂಚ ಬಾಗುವುದರಿಂದ ಸ್ಟಡ್‌ಗಳ ತಲೆಯನ್ನು ಬಿಗಿದು ಕಟ್ಟದೆ, ಮೇಲಿನ ಪಟ್ಟಿಯೊಳಗೆ 15 ಮಿಲಿಮೀಟರ್ ಜಾರುವ ಸಂದು ಬಿಡಲಾಗಿದೆ. ಬೋರ್ಡು ಇಟ್ಟಿಗೆ ಗೋಡೆಯನ್ನು ಮುಟ್ಟುವ ಕಡೆ ಗಟ್ಟಿ ಪುಟ್ಟಿಯ ಬದಲು ಹಿಗ್ಗುವ ಸೀಲಂಟ್. ಒಂದು ಕೋಣೆಯಲ್ಲಿ ಬಣ್ಣದವರು ನುಣುಪು ಬರಲೆಂದು ಆ ಸೀಲಂಟಿನ ಮೇಲೆಯೇ ಪುಟ್ಟಿ ಎಳೆದಿದ್ದರು. ಮೊದಲ ಬೇಸಿಗೆಯಲ್ಲಿ ಸರಿಯಾಗಿ ಅಲ್ಲೇ ಕೂದಲೆಳೆಯ ಬಿರುಕು ಕಾಣಿಸಿತು, ಉಳಿದ ಕೋಣೆಗಳಲ್ಲಿ ಇಲ್ಲ. ಪುಟ್ಟಿ ಕೆರೆದು ಮತ್ತೆ ಸೀಲಂಟ್ ತುಂಬಲಾಗಿದೆ.

ಹಿಂಬದಿಯ ಭರ್ತಿ ಮಣ್ಣು ನಿರೀಕ್ಷೆಯಂತೆ ಮೊದಲ ಮಳೆಗಾಲದಲ್ಲೇ ಕುಗ್ಗಿ, ಮನೆಯ ಸುತ್ತಲಿನ ನಡೆಹಾಸು ಪ್ಲಿಂತ್‌ನಿಂದ ಬಿಟ್ಟು ಇಳಿದಿದೆ. ಪೈಲುಗಳ ಮೇಲೆ ನಿಂತ ಹಿಂಗೋಡೆಯಲ್ಲಿ ಬಿರುಕಿಲ್ಲ. ನಾಲ್ಕು ಮೂಲೆಗಳಲ್ಲಿ ಪ್ಲಿಂತ್ ಬೀಮಿಗೆ ಕೂರಿಸಿದ ಮಟ್ಟದ ಗುರುತುಗಳನ್ನು ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಅಳೆಯುವ ವ್ಯವಸ್ಥೆಯಿದ್ದು, ಮಣ್ಣು ಪೂರ್ತಿ ತಳವೂರುವವರೆಗೆ ನಡೆಹಾಸನ್ನು ಕಾಂಕ್ರೀಟಿನಲ್ಲಿ ಮಾಡದೆ, ಎತ್ತಿ ಮರುಜೋಡಿಸಬಹುದಾದ ಕಲ್ಲುಚಪ್ಪಡಿಗಳಲ್ಲೇ ಇಟ್ಟುಕೊಳ್ಳಲು ಮನೆಯವರಿಗೆ ಸೂಚಿಸಲಾಗಿದೆ.